ಬಾಗಿಲಿಗೆ ಅಂಟಿಸಿದ ಹಾಳೆ: ನಾರ್ಸ್ಕ್ ಹೈಡ್ರೋ ಪ್ರಕರಣ

2019ರ ಮಾರ್ಚ್ 19, ಮಂಗಳವಾರ. ಓಸ್ಲೋದಲ್ಲಿರುವ ನಾರ್ಸ್ಕ್ ಹೈಡ್ರೋ ಕಂಪನಿಯ ಮುಖ್ಯ ಕಚೇರಿಗೆ ಬೆಳಿಗ್ಗೆ ಬಂದವರ ಕಣ್ಣಿಗೆ ಮೊದಲು ಬಿದ್ದದ್ದು ಬಾಗಿಲಿಗೆ ಟೇಪ್ ಹಾಕಿ ಅಂಟಿಸಿದ್ದ ಒಂದು ಹಾಳೆ. ಕಂಪನಿಯ ಮೇಲೆ ಸೈಬರ್ ದಾಳಿ ಆಗಿದೆ. ಹೈಡ್ರೋ ನೆಟ್‌ವರ್ಕ್‌ಗೆ ಏನನ್ನೂ ಜೋಡಿಸಬೇಡಿ. ಕಂಪ್ಯೂಟರ್ ಆನ್ ಮಾಡಬೇಡಿ. ಫೋನು, ಟ್ಯಾಬ್ಲೆಟ್ ಜೋಡಿಸಿದ್ದರೆ ತೆಗೆಯಿರಿ. ಮುಂದಿನ ಸೂಚನೆಗೆ ಕಾಯಿರಿ. ಇಷ್ಟೇ.

ಆಗ 40 ದೇಶಗಳಲ್ಲಿ 35,000 ಜನ ಕೆಲಸ ಮಾಡುತ್ತಿದ್ದ ಕಂಪನಿ ಅದು. 1905ರಲ್ಲಿ ಶುರುವಾದದ್ದು. ಜಗತ್ತಿನ ದೊಡ್ಡ ಅಲ್ಯೂಮಿನಿಯಂ ಉತ್ಪಾದಕರಲ್ಲಿ ಒಂದು. ತನ್ನದೇ ನೌಕರರಿಗೆ ಒಂದು ಮಾತು ಮುಟ್ಟಿಸಲು ಆ ಬೆಳಿಗ್ಗೆ ಅದರ ಕೈಗೆ ಸಿಕ್ಕಿದ್ದು ಕಾಗದ ಮತ್ತು ಟೇಪ್.

ವ್ಯವಹಾರ ನಡೆಸುವವರು ಸೇರುವ ಕಡೆ ಹೊಸ ತಂತ್ರಜ್ಞಾನದ ಮಾತು ಬಂದಾಗೆಲ್ಲ ನನಗೆ ಈ ಹಾಳೆ ನೆನಪಾಗುತ್ತದೆ. ಅಲ್ಲಿ ಕ್ಲೌಡ್, ಎಐ, ಆಟೊಮೇಷನ್ ಬಗ್ಗೆ ಗಂಟೆಗಟ್ಟಲೆ ಮಾತು ನಡೆಯುತ್ತದೆ. ವಿಸಿಟಿಂಗ್ ಕಾರ್ಡು ಕೈ ಬದಲಾಗುತ್ತದೆ. ಲಿಂಕ್ಡ್‌ಇನ್‌ನಲ್ಲಿ ಹೊಸ ಪರಿಚಯಗಳು ಸೇರುತ್ತವೆ. ಆದರೆ "ನಮ್ಮಲ್ಲಿ ಹೀಗೊಂದು ಎಡವಟ್ಟಾಯಿತು" ಅಂತ ಬಾಯಿ ಬಿಡುವವರು ತೀರಾ ಕಡಿಮೆ. ಹೈಡ್ರೋ ಬಾಯಿ ಬಿಟ್ಟಿತು. ಅದೂ ಮೊದಲ ದಿನವೇ. ಮುಖ್ಯಸ್ಥರ ನಡುವಿನ ಪರಿಚಯ, ಒಡನಾಟ ಅನ್ನುವುದು ನಿಜಕ್ಕೂ ಯಾವುದಕ್ಕೆ ಬೇಕು ಎಂದು ನನಗೆ ಅರ್ಥವಾದದ್ದು ಈ ಪ್ರಕರಣದಿಂದ.

ಕಳ್ಳರು ಬಂದ ದಾರಿ

ದಾಳಿ ಕಣ್ಣಿಗೆ ಕಂಡದ್ದು ಮಾರ್ಚ್‌ನಲ್ಲಿ. ಆದರೆ ಕಳ್ಳರು ಒಳಗೆ ಕಾಲಿಟ್ಟು ಆಗಲೇ ಸುಮಾರು ಮೂರು ತಿಂಗಳಾಗಿತ್ತು. 2018ರ ಡಿಸೆಂಬರ್‌ನಲ್ಲಿ ಒಬ್ಬ ನೌಕರರು ಒಂದು ಇಮೇಲ್ ತೆರೆದಿದ್ದರು. ಅದು ಎಲ್ಲಿಂದಲೋ ಬಂದ ಲಾಟರಿ ಮೇಲ್ ಅಲ್ಲ. ಗುರುತು ಪರಿಚಯ ಇರುವ, ನಂಬಿಕಸ್ಥ ಗ್ರಾಹಕರ ಕಡೆಯಿಂದ ಬಂದದ್ದು. ಅವರ ಜೊತೆ ನಡೆಯುತ್ತಿದ್ದ ನಿಜವಾದ ಪತ್ರವ್ಯವಹಾರದ ನಡುವೆಯೇ ವಿಷ ಸೇರಿತ್ತು. ಯಾರೇ ಆಗಿದ್ದರೂ ತೆರೆಯುತ್ತಿದ್ದರು. ಗ್ರಾಹಕರ ಮೇಲ್ ತೆರೆಯುವುದೇ ಅವರ ಕೆಲಸ ಅಲ್ವಾ?

ಈ ಒಂದು ವಿಷಯದ ಹತ್ತಿರ ಸ್ವಲ್ಪ ನಿಲ್ಲಬೇಕು. ವ್ಯವಹಾರದ ಸಂಬಂಧ ಅಂದರೆ ನಂಬಿಕೆ. "ಇವರು ನಮ್ಮವರು, ಇವರು ಕಳಿಸಿದ್ದನ್ನು ಪರೀಕ್ಷೆ ಮಾಡಬೇಕಿಲ್ಲ" ಎಂಬ ನಂಬಿಕೆ. ಕಳ್ಳರು ಬಳಸಿಕೊಂಡದ್ದು ಅದನ್ನೇ. ಅಪರಿಚಿತರ ಮೇಲ್ ತೆರೆಯಬೇಡಿ ಎಂದು ನೌಕರರಿಗೆ ಎಷ್ಟು ತರಬೇತಿ ಕೊಟ್ಟಿದ್ದರೂ ಇಲ್ಲಿ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ಪರಿಚಯದ ಬಳಗ ದೊಡ್ಡದಾದಷ್ಟೂ ಒಳಗೆ ಬರುವ ಬಾಗಿಲುಗಳೂ ಜಾಸ್ತಿ ಆಗುತ್ತವೆ.

ಒಳಗೆ ಬಂದವರು ಅವಸರ ಮಾಡಲಿಲ್ಲ. ಅವರಿಗೆ ಬೇಕಿದ್ದದ್ದು ಆಕ್ಟಿವ್ ಡೈರೆಕ್ಟರಿಯ ಮೇಲೆ ಹಿಡಿತ. ದೊಡ್ಡ ಕಂಪನಿಗಳಲ್ಲಿ ಯಾರು ನೌಕರರು, ಯಾವ ಕಂಪ್ಯೂಟರ್ ಯಾರದ್ದು, ಯಾರಿಗೆ ಯಾವ ಫೈಲ್ ತೆರೆಯುವ ಅಧಿಕಾರ ಇದೆ ಎಂಬುದೆಲ್ಲ ಒಂದೇ ಕಡೆ ದಾಖಲಾಗಿರುತ್ತದೆ. ಆ ವ್ಯವಸ್ಥೆಯೇ ಆಕ್ಟಿವ್ ಡೈರೆಕ್ಟರಿ. ಇಡೀ ಮನೆಯ ಬೀಗದ ಕೈಗಳ ಗೊಂಚಲು ಅಂದುಕೊಳ್ಳಿ. ಅಲ್ಲಿ ಕೂತು ಒಂದು ಆಜ್ಞೆ ಕೊಟ್ಟರೆ ಸಾವಿರಾರು ಕಂಪ್ಯೂಟರ್‌ಗಳಿಗೆ ಒಂದೇ ರಾತ್ರಿಯಲ್ಲಿ ಸಾಫ್ಟ್‌ವೇರ್ ಹೋಗಿ ಕೂರುತ್ತದೆ. ಐಟಿ ವಿಭಾಗಕ್ಕೆ ಅನುಕೂಲ ಆಗಲಿ ಎಂದೇ ಮಾಡಿದ ಏರ್ಪಾಡು ಅದು.

2017ರ ವಾನಾಕ್ರೈ, ನಾಟ್‌ಪೆಟ್ಯಾ ಎಂಬ ದಾಳಿಯ ಸಾಫ್ಟ್‌ವೇರ್‌ಗಳು ತಾವಾಗಿಯೇ ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಡಿದ್ದವು. ಹೈಡ್ರೋಗೆ ಬಂದದ್ದು ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಲಾಕರ್‌ಗೋಗ ಎಂಬ ಸಾಫ್ಟ್‌ವೇರ್. ಅದು ಹಾಗಲ್ಲ. ಅದಕ್ಕೆ ತಾನಾಗಿ ಹರಡುವ ಶಕ್ತಿ ಇಲ್ಲ. ಮನುಷ್ಯರೇ ಒಳಗೆ ನುಗ್ಗಿ, ತಿಂಗಳುಗಟ್ಟಲೆ ಓಡಾಡಿ, ಕೈಯಾರೆ ಹಂಚುತ್ತಾರೆ. ದುಡ್ಡಿಗಾಗಿ ದೊಡ್ಡ ಕಂಪನಿಗಳನ್ನೇ ಆರಿಸಿ ಹೊಡೆಯುವ ಈ ರೀತಿ ಆ ವರ್ಷಗಳಲ್ಲಿ ಜೋರಾಗತೊಡಗಿತ್ತು.

ಲಾಕರ್‌ಗೋಗ ಫೈಲ್‌ಗಳಿಗೆ ಬೀಗ ಹಾಕುವುದರ ಜೊತೆಗೆ ಪಾಸ್‌ವರ್ಡ್ ಬದಲಿಸುತ್ತಿತ್ತು. ಕೂತವರನ್ನು ಲಾಗ್‌ಔಟ್ ಮಾಡುತ್ತಿತ್ತು. ನೆಟ್‌ವರ್ಕ್ ಕಾರ್ಡನ್ನೂ ನಿಲ್ಲಿಸುತ್ತಿತ್ತು. ಕೊನೆಗೆ ಒಂದು ಚೀಟಿ ಬಿಟ್ಟು ಹೋಗುತ್ತಿತ್ತು. ನಿಮ್ಮ ಭದ್ರತೆಯಲ್ಲಿ ದೊಡ್ಡ ತೂತಿತ್ತು, ಅದನ್ನು ಕಂಡುಕೊಂಡವರು ಹುಡುಗಾಟದ ಜನರಲ್ಲದೆ ಗಂಭೀರ ಜನರಾಗಿದ್ದಕ್ಕೆ ನೀವು ಕೃತಜ್ಞರಾಗಿರಬೇಕು ಎಂಬ ಅರ್ಥದ ಒಕ್ಕಣೆ. ಇಷ್ಟು ಹಣ ಎಂದು ಬರೆದಿರಲಿಲ್ಲ. ಎಷ್ಟು ಬೇಗ ಮೇಲ್ ಮಾಡುತ್ತೀರೋ ಅದರ ಮೇಲೆ ಬೆಲೆ ನಿಲ್ಲುತ್ತದೆ ಎಂದಿತ್ತು. 170 ಕಡೆಗಳಲ್ಲಿ 22,000 ಕಂಪ್ಯೂಟರ್‌ಗಳಿಗೆ ಪೆಟ್ಟು ಬಿದ್ದಿತ್ತು.

ಆ ರಾತ್ರಿಯ ತೀರ್ಮಾನಗಳು

ಆಗ ಕಂಪನಿಯ ಐಟಿ ಮುಖ್ಯಸ್ಥರಾಗಿದ್ದವರು ಯೋ ಡೆ ವ್ಲೀಘರ್. ವಿಷಯ ಗೊತ್ತಾದ ಮೇಲೆ ಮೊದಲ ಕೆಲಸ ನೆಟ್‌ವರ್ಕ್ ಕತ್ತರಿಸುವುದು. ಕಾರ್ಖಾನೆಗಳ ನಡುವಿನ ಸಂಪರ್ಕ ತೆಗೆದರು. ಕಂಪನಿಯನ್ನು ತಾವೇ ಕತ್ತಲೆಗೆ ತಳ್ಳುವ ತೀರ್ಮಾನ ಅದು. ಹಾಗೆ ಮಾಡದಿದ್ದರೆ ಉಳಿದದ್ದೂ ಹೋಗುತ್ತಿತ್ತು.

ಸಮಯ ಬೇರೆ ಎಂಥದ್ದು ನೋಡಿ. ಹಿಲ್ಡೆ ಮೆರೆಟೆ ಆಸ್‌ಹೈಮ್ ಮುಂದಿನ ಸಿಇಒ ಆಗುತ್ತಾರೆ ಎಂದು ಕಂಪನಿ ಘೋಷಿಸಿದ್ದು ಹಿಂದಿನ ದಿನವಷ್ಟೇ, ಮಾರ್ಚ್ 18ಕ್ಕೆ. ಹಳೆಯವರು ಹೊರಡುವ, ಹೊಸಬರು ಇನ್ನೂ ಕೂರದ ಹೊತ್ತು. ಇಂಥ ಹೊತ್ತಲ್ಲಿ ಯಾರೂ ಜವಾಬ್ದಾರಿ ಹೊರದೆ ಮಾತು ಮುಂದೂಡುವುದು ಸುಲಭ. ಇಲ್ಲಿ ಹಾಗಾಗಲಿಲ್ಲ. ಹಣಕಾಸು ಮುಖ್ಯಸ್ಥ ಐವಿಂದ್ ಕಾಲ್ಲೆವಿಕ್ ಅದೇ ದಿನ ಪತ್ರಕರ್ತರ ಮುಂದೆ ಬಂದು ನಿಂತರು. ಪರಿಸ್ಥಿತಿ ಗಂಭೀರವಾಗಿದೆ ಎಂದು ನೇರವಾಗಿ ಹೇಳಿದರು.

ಮೂರು ತೀರ್ಮಾನಗಳು ಬೇಗ ಆದವು. ಕಳ್ಳರಿಗೆ ದುಡ್ಡು ಕೊಡುವುದಿಲ್ಲ. ಮೈಕ್ರೋಸಾಫ್ಟ್‌ನ ತುರ್ತು ಭದ್ರತಾ ತಂಡವನ್ನು ಕರೆಸುತ್ತೇವೆ. ಏನಾಗಿದೆಯೋ ಅದನ್ನು ಹೊರಗೆ ಹೇಳುತ್ತೇವೆ.

ಮೊದಲನೆಯದನ್ನು ಹೇಳಲು ಧೈರ್ಯ ಬೇಕು, ಆದರೆ ಬರೀ ಧೈರ್ಯ ಸಾಲದು. ಹೈಡ್ರೋ ಬಳಿ ಬೇರೆಯಾಗಿ ಇಟ್ಟ ಒಳ್ಳೆಯ ಬ್ಯಾಕಪ್ ಇತ್ತು. ಅದರ ಬಲದ ಮೇಲೆಯೇ "ಕೊಡುವುದಿಲ್ಲ" ಎಂದರು. ಎಷ್ಟೋ ಕಂಪನಿಗಳಲ್ಲಿ ಬ್ಯಾಕಪ್ ಇದೆ ಎಂಬುದು ಕಾಗದದ ಮೇಲಿನ ಮಾತು. ವಾಪಸ್ ತಂದು ನೋಡಿರುವುದೇ ಇಲ್ಲ.

ಇನ್ನೊಂದು ಸಂಗತಿಯೂ ಕೈ ಹಿಡಿಯಿತು. ಕಂಪನಿಯ ಇಮೇಲ್ ಆಫೀಸ್ 365 ಕ್ಲೌಡ್‌ನಲ್ಲಿ, ಅಂದರೆ ಹೊರಗೆ ಮೈಕ್ರೋಸಾಫ್ಟ್‌ನ ಕಂಪ್ಯೂಟರ್‌ಗಳಲ್ಲಿತ್ತು. ಕಂಪ್ಯೂಟರ್‌ಗಳು ಮುಟ್ಟುವ ಹಾಗಿಲ್ಲದಿದ್ದರೂ ಫೋನು, ಟ್ಯಾಬ್ಲೆಟ್‌ಗಳಲ್ಲಿ ಮೇಲ್ ನಡೆಯುತ್ತಿತ್ತು. ಕ್ಲೌಡ್‌ಗೆ ಹೋಗಬೇಕೇ ಬೇಡವೇ ಎಂಬ ಚರ್ಚೆ ಬಂದಾಗ ಜನ ಖರ್ಚಿನ ಲೆಕ್ಕ ಮಾತ್ರ ಹಾಕುತ್ತಾರೆ. ಎಲ್ಲ ಒಂದೇ ಸೂರಿನಡಿ ಇದ್ದು ಬೆಂಕಿ ಬಿದ್ದರೆ ನಾವು ಒಬ್ಬರನ್ನೊಬ್ಬರು ಹೇಗೆ ಕರೆಯುವುದು? ನನ್ನ ಪ್ರಕಾರ ಖರ್ಚಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಕಾಗದ, ಪೆನ್ನು ಮತ್ತು ನಿವೃತ್ತರು

ಅಲ್ಯೂಮಿನಿಯಂ ಕರಗಿಸುವ ಘಟಕಗಳನ್ನು ಸುಮ್ನೆ ಆಫ್ ಮಾಡುವ ಹಾಗಿಲ್ಲ. ವಿದ್ಯುತ್ ಹರಿಯುವುದು ಹೆಚ್ಚು ಹೊತ್ತು ನಿಂತರೆ ಪಾತ್ರೆಯಲ್ಲೇ ಲೋಹ ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಮತ್ತೆ ಶುರು ಮಾಡುವುದು ದೊಡ್ಡ ತಾಪತ್ರಯ. ಹಾಗಾಗಿ ಅಲ್ಲಿನವರು ಕಂಪ್ಯೂಟರ್ ಬಿಟ್ಟು ಕೈಯಲ್ಲೇ ನಡೆಸಿದರು. ಅಲ್ಲಿ ಕೆಲಸ ಹೆಚ್ಚುಕಡಿಮೆ ನಿಲ್ಲಲಿಲ್ಲ. ವಿದ್ಯುತ್ ಉತ್ಪಾದನೆಯೂ ನಡೆಯಿತು.

ಜಾಸ್ತಿ ಪೆಟ್ಟು ಬಿದ್ದದ್ದು ಎಕ್ಸ್‌ಟ್ರೂಷನ್ ವಿಭಾಗಕ್ಕೆ. 2017ರಲ್ಲಿ ಪೂರ್ತಿಯಾಗಿ ಕೊಂಡ ಸಾಪಾ ಕಂಪನಿಯಿಂದ ಬಂದ ವಿಭಾಗ ಅದು. ಏಕೆ ಅಲ್ಲಿಗೇ? ಕರಗಿಸುವ ಘಟಕ ಇವತ್ತು ಮಾಡುವುದನ್ನೇ ನಾಳೆಯೂ ಮಾಡುತ್ತದೆ. ಎಕ್ಸ್‌ಟ್ರೂಷನ್‌ನಲ್ಲಿ ಹಾಗಲ್ಲ. ಕಾದ ಲೋಹವನ್ನು ಅಚ್ಚಿನ ಮೂಲಕ ಒತ್ತಿ ಒಬ್ಬೊಬ್ಬ ಗ್ರಾಹಕರಿಗೆ ಒಂದೊಂದು ಆಕಾರ ತೆಗೆಯಬೇಕು. ಯಾರಿಗೆ ಯಾವ ಆಕಾರ, ಎಷ್ಟು ಉದ್ದ, ಯಾವ ದಿನ ಕಳಿಸಬೇಕು, ಯಾವ ಲಾರಿಗೆ ಏರಿಸಬೇಕು ಎಂಬುದೆಲ್ಲ ಕಂಪ್ಯೂಟರ್‌ನಲ್ಲಿತ್ತು. ಯಂತ್ರ ಸರಿಯಾಗಿಯೇ ಇದೆ, ಲೋಹವೂ ಇದೆ, ಜನರೂ ಇದ್ದಾರೆ. ಏನು ಮಾಡಬೇಕೆಂದು ಹೇಳುವ ಆರ್ಡರ್ ಮಾತ್ರ ಇಲ್ಲ. ಮೊದಲ ದಿನಗಳಲ್ಲಿ ಆ ವಿಭಾಗ ಅರ್ಧ ಸಾಮರ್ಥ್ಯದಲ್ಲಿ ನಡೆಯಿತು. ವಾರ ಕಳೆದ ಮೇಲೆ 70ರಿಂದ 80 ಶೇಕಡಕ್ಕೆ ಬಂತು. ಕಟ್ಟಡಗಳಿಗೆ ಬೇಕಾದ ಸಾಮಾನು ಮಾಡುವ ಒಂದು ಘಟಕ ಮಾತ್ರ ಆಗಲೂ ಹೆಚ್ಚುಕಡಿಮೆ ನಿಂತೇ ಇತ್ತು.

ಇಲ್ಲೊಂದು ದೃಶ್ಯ ನನಗೆ ತುಂಬಾ ಇಷ್ಟ. ಕಾಗದದಲ್ಲಿ ಲೆಕ್ಕ ಇಟ್ಟು ಕಾರ್ಖಾನೆ ನಡೆಸುವುದು ಹೇಗೆ ಎಂದು ಹೊಸ ಪೀಳಿಗೆಯವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ನಿವೃತ್ತರಾಗಿ ಮನೆಯಲ್ಲಿದ್ದರು. ಅವರಲ್ಲಿ ಕೆಲವರು ಎದ್ದು ಬಂದರು. ಹಳೇ ಪದ್ಧತಿಯಲ್ಲಿ ಕೆಲಸ ಹೇಗೆ ಸಾಗುತ್ತಿತ್ತು ಎಂದು ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರು.

ಅವರು ಬರಬೇಕೆಂದೇನೂ ಇರಲಿಲ್ಲ. ಅವರ ಹೆಸರು ಸಂಬಳದ ಪಟ್ಟಿಯಲ್ಲಿರಲಿಲ್ಲ. ಆದರೂ ಬಂದರು ಅಂದರೆ, ಬಿಟ್ಟು ಹೋದ ಮೇಲೂ ಕಂಪನಿಯ ಜೊತೆ ಒಂದು ಎಳೆ ಉಳಿದಿತ್ತು ಅಂತಲೇ ಅರ್ಥ. ನೆಟ್‌ವರ್ಕಿಂಗ್ ಅಂದರೆ ಮೇಲಿನವರ ಜೊತೆ ಊಟಕ್ಕೆ ಕೂರುವುದು ಎಂದುಕೊಂಡಿರುವ ಮುಖ್ಯಸ್ಥರಿಗೆ ನಾನು ಮೊದಲು ಹೇಳುವುದು ಈ ನಿವೃತ್ತರ ವಿಷಯವನ್ನೇ. ಕಂಪನಿ ಬಿಟ್ಟು ಹೋದವರ ಫೋನ್ ನಂಬರ್ ನಿಮ್ಮ ಬಳಿ ಇದೆಯೇ? ನೀವು ಕರೆದರೆ ಅವರು ಬರುತ್ತಾರೆಯೇ?

ಬಾಯಿ ಬಿಟ್ಟದ್ದರಿಂದ ಏನಾಯಿತು

ಕಂಪನಿಯ ವೆಬ್‌ಸೈಟ್ ಬಿದ್ದುಹೋಗಿತ್ತು. ಫೇಸ್‌ಬುಕ್ ಪುಟದಲ್ಲಿ ಸುದ್ದಿ ಹಾಕಿದರು. ತಾತ್ಕಾಲಿಕ ವೆಬ್‌ಸೈಟ್ ಮಾಡಿದರು. ಹಿರಿಯ ಅಧಿಕಾರಿಗಳು ದಿನವೂ ವೆಬ್‌ಕಾಸ್ಟ್‌ನಲ್ಲಿ ಕೂತು ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಯಾವ ಘಟಕ ನಡೆಯುತ್ತಿದೆ, ಯಾವುದು ನಿಂತಿದೆ ಎಂದು ವಿಭಾಗವಾರು ಹೇಳುತ್ತಾ ಹೋದರು. ಹೈಡ್ರೋ ಓಸ್ಲೋ ಷೇರುಪೇಟೆಯಲ್ಲಿರುವ ಕಂಪನಿ. ಇಷ್ಟು ದೊಡ್ಡ ಪೆಟ್ಟನ್ನು ಪೇಟೆಗೆ ತಿಳಿಸಲೇಬೇಕಿತ್ತು, ನಿಜ. ಆದರೆ ನಾಲ್ಕು ಸಾಲಿನ ಪ್ರಕಟಣೆ ಹಾಕಿ ಸುಮ್ಮನಾಗಬಹುದಿತ್ತು. ದಿನವೂ ಬಂದು ಕೂರಬೇಕು ಎಂದು ಯಾವ ನಿಯಮವೂ ಹೇಳುವುದಿಲ್ಲ.

ಗ್ರಾಹಕರ ಕಡೆಯಿಂದ ಯೋಚಿಸಿ. ನಿಮ್ಮ ಕಾರ್ಖಾನೆಗೆ ಬರಬೇಕಾದ ಸರಕು ಬರಲಿಲ್ಲ. ಫೋನ್ ಮಾಡಿದರೆ "ತಾಂತ್ರಿಕ ತೊಂದರೆ" ಎಂಬ ಉತ್ತರ. ಆಗ ನೀವು ಬೇರೆ ಪೂರೈಕೆದಾರರನ್ನು ಹುಡುಕಲು ಶುರು ಮಾಡುತ್ತೀರಿ. ಅದೇ ಆ ಕಂಪನಿಯ ಹಣಕಾಸು ಮುಖ್ಯಸ್ಥರೇ ಎಲ್ಲರೆದುರು ಬಂದು ಇಂಥ ಘಟಕ ನಿಂತಿದೆ, ಇಂತಿಷ್ಟು ಉತ್ಪಾದನೆ ಆಗುತ್ತಿದೆ ಎಂದರೆ, ನಿಮಗೆ ನಿಮ್ಮ ಯೋಜನೆ ಮಾಡಿಕೊಳ್ಳಲು ಆಗುತ್ತದೆ. ಸಿಟ್ಟಿರಬಹುದು. ಅನುಮಾನ ಇರುವುದಿಲ್ಲ.

ಉಳಿದ ಕಂಪನಿಗಳಿಗೆ ಆದ ಉಪಯೋಗ ಇನ್ನೂ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ಹೈಡ್ರೋ ಪೊಲೀಸರಿಗೂ ನಾರ್ವೆಯ ರಾಷ್ಟ್ರೀಯ ಭದ್ರತಾ ಸಂಸ್ಥೆಗೂ ವಿಷಯ ಮುಟ್ಟಿಸಿತು. ಅಲ್ಲಿಂದ ಬೇರೆ ಕಂಪನಿಗಳಿಗೆ ಎಚ್ಚರಿಕೆ ಹೋಯಿತು: ಇದು ಲಾಕರ್‌ಗೋಗ, ಆಕ್ಟಿವ್ ಡೈರೆಕ್ಟರಿಯ ಮೂಲಕ ಹಂಚುತ್ತಾರೆ, ನಿಮ್ಮದನ್ನು ನೋಡಿಕೊಳ್ಳಿ ಎಂದು. ಇಂಥ ಹೊತ್ತಲ್ಲಿ ಒಂದು ದಿನ ಮೊದಲು ಗೊತ್ತಾಗುವುದಕ್ಕೂ ಒಂದು ದಿನ ಆಮೇಲೆ ಗೊತ್ತಾಗುವುದಕ್ಕೂ ಅಜಗಜಾಂತರ.

ಹೈಡ್ರೋ ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. ಜನವರಿಯಲ್ಲೇ ಫ್ರಾನ್ಸ್‌ನ ಆಲ್ಟ್ರಾನ್ ಮೇಲೆ ಇದೇ ಲಾಕರ್‌ಗೋಗ ಬಂದಿತ್ತು. ಅದೇ ಮಾರ್ಚ್‌ನಲ್ಲಿ ಅಮೆರಿಕದ ಹೆಕ್ಸಿಯಾನ್, ಮೊಮೆಂಟಿವ್ ಕಂಪನಿಗಳ ಮೇಲೂ ಬಿತ್ತು. ಆಲ್ಟ್ರಾನ್ ಎಂಜಿನಿಯರಿಂಗ್ ಸಲಹೆ ಕೊಡುತ್ತಿದ್ದ ಕಂಪನಿ. ಹೈಡ್ರೋ ಲೋಹದ್ದು. ಆ ಎರಡು ರಾಸಾಯನಿಕದ್ದು. ಇವರ ಮುಖ್ಯಸ್ಥರು ಸಾಮಾನ್ಯವಾಗಿ ಒಂದೇ ಕೋಣೆಯಲ್ಲಿ ಕೂರುವವರಲ್ಲ. ಬ್ಯಾಂಕಿನವರ ಕೂಟ ಬ್ಯಾಂಕಿನವರಿಗೆ, ಲೋಹದವರ ಕೂಟ ಲೋಹದವರಿಗೆ. ಕಳ್ಳರಿಗೆ ಈ ಗೋಡೆ ಇಲ್ಲವೇ ಇಲ್ಲ. ಅವರು ನೋಡುವುದು ಎಲ್ಲಿ ದುಡ್ಡಿದೆ, ಎಲ್ಲಿ ಬಾಗಿಲು ಸಡಿಲ ಇದೆ ಎಂದಷ್ಟೇ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೋವೆಟರ್ 1973ರಲ್ಲೇ ಒಂದು ಮಾತು ತೋರಿಸಿಕೊಟ್ಟಿದ್ದರು. ಹತ್ತಿರದ ಗೆಳೆಯರಿಗಿಂತ ಅಲ್ಪಸ್ವಲ್ಪ ಪರಿಚಯದವರಿಂದಲೇ ಹೊಸ ಸುದ್ದಿ ಬರುವುದು ಜಾಸ್ತಿ ಎಂದು. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದ ಬಳಗದಲ್ಲಿ ಒಂದು ಕಾಲಿಟ್ಟವರು ನಮಗೆ ಕಾಣದ್ದನ್ನು ತಂದು ಕೊಡುತ್ತಾರೆ. ಕೆಲಸ ಹುಡುಕುವವರ ಬಗ್ಗೆ ಹೇಳಿದ ಮಾತು ಅದು. ಲಾಕರ್‌ಗೋಗದಂಥ ವಿಷಯಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಲೋಹದ ಕಂಪನಿಯವರಿಗೆ ಜನವರಿಯಲ್ಲಿ ಬೇಕಿದ್ದದ್ದು ಸಲಹಾ ಕಂಪನಿಯೊಂದರ ಐಟಿ ಮುಖ್ಯಸ್ಥರ ಪರಿಚಯ.

ಹೇಳುವುದು ಹೇಗೆ ಎಂಬ ಅಂಜಿಕೆ

"ಹೊರಗೆ ಹೇಳಿದರೆ ವಕೀಲರು ಬೈಯುತ್ತಾರೆ" ಎಂದು ಬಹಳ ಮಂದಿ ಹೇಳುತ್ತಾರೆ. ಈ ಅಂಜಿಕೆ ಸುಳ್ಳಲ್ಲ. ತನಿಖೆ ನಡೆಯುವಾಗ ಎಲ್ಲವನ್ನೂ ಎಲ್ಲರಿಗೂ ಹೇಳಲಾಗದು. ಆದರೆ ಹೇಳದೆ ಇರುವುದು, ಎಲ್ಲರಿಗೂ ಹೇಳುವುದು ಇವೆರಡರ ನಡುವೆ ಬೇಕಾದಷ್ಟು ಜಾಗ ಇದೆ. ಅದಕ್ಕೆ ರೂಢಿಗಳೂ ಇವೆ.

ಸೈಬರ್ ಭದ್ರತೆಯವರು ಟ್ರಾಫಿಕ್ ದೀಪದ ಬಣ್ಣಗಳನ್ನು ಬಳಸುತ್ತಾರೆ. ಕೆಂಪು ಅಂದರೆ ಈಗ ಇಲ್ಲಿ ಕೂತು ಕೇಳಿದವರ ಬಳಿಯೇ ಇರಬೇಕು. ಅಂಬರ್ ಅಂದರೆ ನಿಮ್ಮ ಸಂಸ್ಥೆಯೊಳಗೆ ಅಗತ್ಯ ಇರುವವರಿಗೆ ಹೇಳಬಹುದು. ಹಸಿರು ಅಂದರೆ ನಿಮ್ಮ ಬಳಗಕ್ಕೆ ಹೇಳಬಹುದು, ಬಹಿರಂಗ ಮಾಡುವ ಹಾಗಿಲ್ಲ. ಬಣ್ಣವಿಲ್ಲದ್ದು ಯಾರಿಗೆ ಬೇಕಾದರೂ. ಮಾತಾಡುವ ಮೊದಲು ಬಣ್ಣ ಹೇಳಿಬಿಟ್ಟರೆ ಆಯಿತು. ಇನ್ನೊಂದು ಲಂಡನ್‌ನ ಚಿಂತನ ಸಂಸ್ಥೆ ಚಾಟಮ್ ಹೌಸ್‌ನ ನಿಯಮ, 1927ರಿಂದ ಇರುವುದು. ಕೇಳಿದ್ದನ್ನು ಬಳಸಿಕೊಳ್ಳಬಹುದು, ಯಾರು ಹೇಳಿದರು ಎಂಬುದನ್ನು ಹೇಳುವ ಹಾಗಿಲ್ಲ. ಅಮೆರಿಕದ ಬ್ಯಾಂಕುಗಳು ದಾಳಿಗಳ ಮಾಹಿತಿ ಹಂಚಿಕೊಳ್ಳಲೆಂದೇ 1999ರಲ್ಲಿ ಎಫ್‌ಎಸ್-ಐಸಾಕ್ ಎಂಬ ಸಂಸ್ಥೆ ಕಟ್ಟಿಕೊಂಡವು. ಪೇಟೆಯಲ್ಲಿ ಒಬ್ಬರ ಮೇಲೊಬ್ಬರು ಬೀಳುವ ಬ್ಯಾಂಕುಗಳಿಗೇ ಇದು ಸಾಧ್ಯವಾಗಿದೆ.

ಇಂಥ ಕೂಟಕ್ಕೆ ಸೇರುವವರಿಗೆ ನಾನು ಕೊಡುವ ಸಲಹೆ ಒಂದೇ. ಮೊದಲ ಸಲ ಹೋದಾಗ ನಿಮ್ಮ ಗೆಲುವಿನ ಕಥೆ ಒಯ್ಯಬೇಡಿ. ನಿಮ್ಮಲ್ಲಿ ಕೈಕೊಟ್ಟ ಒಂದು ಸಂಗತಿಯನ್ನು ಒಯ್ಯಿರಿ. ಬ್ಯಾಕಪ್ ವಾಪಸ್ ಬರಲಿಲ್ಲವೇ? ಹೊಸ ಎಐ ಸಾಧನಕ್ಕೆ ದುಡ್ಡು ಸುರಿದು ಯಾರೂ ಬಳಸಲಿಲ್ಲವೇ? ಅದನ್ನು ಹೇಳಿ. ಎದುರಿಗಿರುವವರೂ ತಮ್ಮ ಕಥೆ ತೆಗೆಯುತ್ತಾರೆ. ಯಾವ ತಂತ್ರಜ್ಞಾನ ನಿಜಕ್ಕೂ ಕೆಲಸ ಮಾಡುತ್ತಿದೆ, ಯಾವುದು ಬರೀ ಸದ್ದು ಎಂಬ ಸರಿಯಾದ ಸುದ್ದಿ ಸಿಗುವುದು ಆಗಲೇ. ಮಾರಲು ಬಂದವರ ಸ್ಲೈಡ್‌ಗಳಲ್ಲಿ ಅದು ಸಿಗುವುದಿಲ್ಲ.

ಲೆಕ್ಕ

ಹೈಡ್ರೋಗೆ ಇದೆಲ್ಲ ಅಗ್ಗಕ್ಕೆ ಮುಗಿಯಲಿಲ್ಲ. ಮೊದಲ ವಾರದ ನಷ್ಟವನ್ನೇ 30ರಿಂದ 35 ಕೋಟಿ ನಾರ್ವೆ ಕ್ರೋನ ಎಂದು ಅಂದಾಜು ಮಾಡಿತು. ವರ್ಷದ ಮೊದಲರ್ಧಕ್ಕೆ ಅದು 55ರಿಂದ 65 ಕೋಟಿಗೆ ಏರಿತು. ಸ್ವಲ್ಪ ಭಾಗ ವಿಮೆಯಿಂದ ಬಂತು. ಮೊದಲ ತ್ರೈಮಾಸಿಕದ ವರದಿಯನ್ನು ಜೂನ್ 5ರವರೆಗೆ ಮುಂದೂಡಬೇಕಾಯಿತು. ಬೀಗ ಬಿದ್ದ ಯಂತ್ರಗಳನ್ನು ಬಿಡಿಸುವ ಬದಲು ಸ್ವಚ್ಛವಾದ ವ್ಯವಸ್ಥೆ ಕಟ್ಟಿ, ಬ್ಯಾಕಪ್‌ನಿಂದ ಒಂದೊಂದನ್ನೇ ತಂದರು. ಅದಕ್ಕೆ ತಿಂಗಳುಗಳೇ ಹಿಡಿದವು. ಮೂರು ತಿಂಗಳು ಕಳ್ಳರು ಮನೆಯೊಳಗೇ ಓಡಾಡಿದರೂ ಗೊತ್ತಾಗಲಿಲ್ಲ ಎಂಬುದು ಚಿಕ್ಕ ತಪ್ಪಲ್ಲ. ಬಾಯಿ ಬಿಟ್ಟರು ಎಂದು ಅದನ್ನು ಮರೆಯುವ ಹಾಗಿಲ್ಲ.

ದಾಳಿಯ ದಿನ ಪತ್ರಕರ್ತರ ಮುಂದೆ ನಿಂತ ಕಾಲ್ಲೆವಿಕ್ 2024ರ ಮೇನಲ್ಲಿ ಅದೇ ಕಂಪನಿಯ ಸಿಇಒ ಆದರು.

ತನಿಖೆಯೂ ನಿಲ್ಲಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ನಾರ್ವೆ, ಫ್ರಾನ್ಸ್, ಬ್ರಿಟನ್, ಉಕ್ರೇನ್ ಸೇರಿ ಜಂಟಿ ತಂಡ ಮಾಡಿಕೊಂಡವು. ಒಂದೊಂದು ದೇಶದ ಬಳಿ ಒಂದೊಂದು ಚೂರು ಮಾಹಿತಿ ಇತ್ತು. 2021ರ ಅಕ್ಟೋಬರ್ 26ರಂದು ಉಕ್ರೇನ್ ಮತ್ತು ಸ್ವಿಟ್ಜರ್‌ಲ್ಯಾಂಡ್‌ನಲ್ಲಿ 12 ಜನರ ಮೇಲೆ ಕಾರ್ಯಾಚರಣೆ ನಡೆಯಿತು. 71 ದೇಶಗಳಲ್ಲಿ 1,800ಕ್ಕೂ ಹೆಚ್ಚು ಮಂದಿ ಇವರಿಂದ ಪೆಟ್ಟು ತಿಂದಿದ್ದರು ಎಂದು ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ ಹೇಳಿತು. ಮುಂದಿನ ವರ್ಷ, 2022ರ ಸೆಪ್ಟೆಂಬರ್‌ನಲ್ಲಿ, ಸೈಬರ್ ಭದ್ರತೆಯ ಬಿಟ್‌ಡಿಫೆಂಡರ್ ಕಂಪನಿಯು ಯುರೋಪೋಲ್, ಜ್ಯೂರಿಕ್‌ನ ಸರ್ಕಾರಿ ವಕೀಲರ ಕಚೇರಿ ಮುಂತಾದವರ ಜೊತೆಗೂಡಿ ಲಾಕರ್‌ಗೋಗದ ಬೀಗ ತೆಗೆಯುವ ಸಾಧನವನ್ನು ಹೊರತಂದಿತು. ಬೇಗ ಮೇಲ್ ಮಾಡಿದರೆ ಕಡಿಮೆ ಬೆಲೆ ಎಂದು ಚೀಟಿಯಲ್ಲಿ ಬರೆದಿದ್ದ ಆ ಕೀಲಿ ಈಗ ಯಾರು ಬೇಕಾದರೂ ಉಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳುವಂತೆ ಸಿಕ್ಕಿತು.